ನಿಂತ ಗಾಡಿಯ ಮಸಿ

ಇಂಟೇಕ್ ಬಿಚ್ಚಿದೆ. ಒಳಗೆ ಕೈ ಹಾಕಿದರೆ
ಹೆಬ್ಬೆರಳೂ ಹಿಡಿಸದಷ್ಟು ಸಂದು.
ಮಸಿ ಎಣ್ಣೆಗೆ ಕೂಡಿ ಗಟ್ಟಿಯಾದ ಕಪ್ಪು.
ತಳ ಹಿಡಿದ ಪಾತ್ರೆ ಕೆರೆಯುವವರ ಹಾಗೆ
ಬೆಳಗ್ಗೆಯಿಂದ ಕೆರೆಯುತ್ತ ಕೂತಿದ್ದೇನೆ.
ಹೊರಗೆ ಮೊಂಟಾನಾದ ಜನವರಿ, ಸೊನ್ನೆಗಿಂತ ಮೂವತ್ತು ಕೆಳಗೆ.
ಶೆಡ್ಡಿನ ತಗಡು ಚಳಿಗೆ ಆಗಾಗ ಟಣ್ಣೆನ್ನುತ್ತದೆ.

ಆರು ಲೀಟರಿನ ಡೀಸೆಲ್, ಎರಡು ಸಾವಿರದ ಆರರ ಪಿಕಪ್.
ಇದರ ಜಾತಕ ನನಗೆ ಬಾಯಿಪಾಠ.
ಇಜಿಆರ್ ಅನ್ನುತ್ತಾರೆ. ಕಾನೂನಿನ ಮಾತು ಇಷ್ಟೆ:
ಉರಿ ತುಸು ತಣ್ಣಗಾಗಲಿ, ಊರ ಗಾಳಿಗೆ ವಿಷ ಕಡಿಮೆಯಾಗಲಿ,
ನೀನು ಬಿಟ್ಟ ಹೊಗೆಯಲ್ಲಿ ಒಂದು ಪಾಲು ನೀನೇ ಒಳಗೆಳೆದುಕೋ.
ನ್ಯಾಯವಾದ ಮಾತೇ.
ಆದರೆ ಎಂಜಲು ಎಂಜಲೇ.
ಮೈ ಬಗ್ಗಿಸಿ ದುಡಿಯುವ ಎಂಜಿನ್ನಿಗೆ ಅದೂ ಅರಗುತ್ತದೆ,
ಕೂತು ಉಣ್ಣುವುದಕ್ಕೆ ಗಂಟಲಲ್ಲಿ ಕಟ್ಟುತ್ತದೆ.

ಕೂಲರ್ ಬಿರುಕು ಬಿಟ್ಟಿತ್ತು. ಕೂಲಂಟ್ ಸಿಲಿಂಡರಿಗೆ ಇಳಿದು
ಹಿಂದಿನ ಕೊಳವೆಯಲ್ಲಿ ಬಿಳಿ ಆವಿ, ಪಾಕದ ವಾಸನೆ.
ಸಿಹಿ ವಾಸನೆ ಬಂತೆಂದರೆ ಗಾಡಿಗೆ ಕಹಿ ಕಾಲ ಬಂತು,
ಅನ್ನುತ್ತಿದ್ದ ನನಗೆ ಕೆಲಸ ಕಲಿಸಿದ ಓರ್ವಿಲ್ ಟ್ವೈಟ್.

ಗಾಡಿ ಡೆಲ್ಫೀನ್ ಅಜೂರ್‌ಳದು.
ಕೌಂಟರಿನ ಮೇಲೆ ಕೈಗವಸು ಇಟ್ಟು ದನಿ ತಗ್ಗಿಸಿ ಕೇಳಿದಳು:
"ಅದನ್ನು ಕಿತ್ತು, ತಗಡು ಬಡಿದು ಮುಚ್ಚಿಬಿಡ್ತಾರಂತೆ?
ಎಲ್ಲರೂ ಮಾಡಿಸ್ತಾರಂತಲ್ಲ."
ಮಾಡಿಸುತ್ತಾರೆ. ನಾನೂ ಮಾಡಿದ್ದೇನೆ,
ಹನ್ನೊಂದು ಗಾಡಿಗೆ, ರಾತ್ರಿ ಶಟರ್ ಎಳೆದುಕೊಂಡು.
ಆ ಕತೆ ಈಗ ಬೇಡ.
"ಆಗೋದಿಲ್ಲ," ಅಂದೆ.
"ನಿಂತಲ್ಲೇ ಎಂಜಿನ್ ಓಡಿಸ್ತೀಯಾ ಬಹಳ?"

ಓಡಿಸುತ್ತಾಳೆ.
ವಾರಕ್ಕೆ ಮೂರು ದಿನ, ಒಂದೊಂದು ಸಲ ನಾಲ್ಕು ಗಂಟೆ,
ಡಯಾಲಿಸಿಸ್ ಕೇಂದ್ರದ ಪಾರ್ಕಿಂಗಿನಲ್ಲಿ.
ಒಳಗೆ ಅವಳ ಗಂಡ ಅಂಬ್ರೋಸ್. ತೋಳಿನಿಂದ ಹೊರಟ ರಕ್ತ
ಯಂತ್ರ ಸುತ್ತಿ, ತೊಳೆಸಿಕೊಂಡು, ಮತ್ತೆ ಅದೇ ತೋಳಿಗೆ.
"ಬೆಚ್ಚಗೆ ಕೂರೋಕೆ ಕೋಣೆ ಇರುತ್ತಲ್ಲ ಅಲ್ಲಿ?"
ಇದೆ, ಅಂದಳು. ಕಾಫಿ ಇದೆ, ಟೀವಿಯೂ ಇದೆ.
"ಅವನ ಪಕ್ಕ ಮಾತ್ರ ಬಿಡೋದಿಲ್ಲ.
ಅವನ ಕುರ್ಚಿ ಕಿಟಕಿಗೆ ಮುಖ ಮಾಡಿದೆ.
ಗಾಜಿಗೆ ಮಂಜು ಕಟ್ಟಿ ನನ್ನ ಮುಖ ಕಾಣೋದಿಲ್ಲ, ಹೊಗೆ ಕಾಣುತ್ತೆ.
ಹೊಗೆ ಏಳ್ತಾ ಇದ್ರೆ ನಾನಿದ್ದೀನಿ ಅಂತ."

ನಾನೇನೂ ಹೇಳಲಿಲ್ಲ.
ಒಳಗೆ ಹೋಗಿ ಉಳಿದದ್ದನ್ನು ಕೆರೆದೆ,
ಬೆಳಗ್ಗೆ ಬೈದುಕೊಂಡು ಕೆರೆದಿದ್ದೆ, ಈಗ ಬೈಯಲಿಲ್ಲ.
ಯಾವ ಪದರ ಯಾವ ತಿಂಗಳದೋ.
ಒಂದು ಕಾಫಿ ಡಬ್ಬ ತುಂಬಿತು. ಎಸೆಯುವ ಮೊದಲು, ಯಾಕೋ,
ತೂಗಿ ನೋಡಿದೆ: ಒಂದೂಕಾಲು ಪೌಂಡು.

ಹೊಸ ಕೂಲರ್, ತೊಳೆದ ವಾಲ್ವ್, ಮೂರು ಕಂತಿನ ಬಿಲ್ಲು.
ಕೀಲಿ ಕೊಡುತ್ತ ಹೇಳಿದೆ:
ಅಲ್ಲಿ ಎಂಜಿನ್ ಆರಿಸು ಅನ್ನೋಲ್ಲ ನಾನು.
ಮನೆಗೆ ಹೋಗುವಾಗ ಮಾತ್ರ ನದಿಯ ದಾರಿ ಬೇಡ,
ಆಂಟೆಲೋಪ್ ದಿಬ್ಬ ಹತ್ತಿಸು.
ಹಿಂದೆ ಮರಳಿನ ಮೂಟೆ ಹೇರಿಕೋ. ಆರು ಮೈಲಿ,
ಪೆಡಲ್ ನೆಲ ಮುಟ್ಟುವಷ್ಟು ಒತ್ತು. ಬೆವರಲಿ ಅದು,
ಕಟ್ಟಿಕೊಂಡದ್ದು ಒಂದಿಷ್ಟು ಉರಿದು ಹೋಗಲಿ.

"ವಾಪಸು ಬರುವಾಗ ಅವನಿಗೆ ಜೋರು ನಿದ್ದೆ," ಅಂದಳು.
"ಆ ಏರಿನ ಗದ್ದಲಕ್ಕೆ ಎದ್ದುಬಿಡ್ತಾನೆ."
ಒಂದು ಕೈಗವಸು ಹಾಕಿಕೊಂಡಳು.
ಇನ್ನೊಂದನ್ನು ಹುಡುಕಿದಳು, ಅದು ಅವಳ ಕಂಕುಳಲ್ಲೇ ಇತ್ತು.
"ಏಳಲಿ. ಎದ್ದರೆ ಬೈಯ್ತಾನೆ.
ಬೈಯ್ಲಿ."